ಯಾರೂ ಗುಡಿಸದ ದರಗಿನ ರಾಶಿ: ಒಂದು ಕಾಳಿಂಗ ಗೂಡಿನ ಪ್ರಕರಣ

ಏಪ್ರಿಲ್ ಎರಡನೇ ವಾರ. ಬೆಳಿಗ್ಗೆ ಏಳೂವರೆಗೆ ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಿಂದ ಫೋನ್ ಬಂತು. "ನಮ್ಮ ಸೊಪ್ಪಿನಬೆಟ್ಟದಲ್ಲಿ ದರಗು ರಾಶಿ ಹಾಕಿದ್ದಾರೆ ಸರ್. ನಾವು ಗುಡಿಸಿದ್ದಲ್ಲ. ಅದರ ಮೇಲೆ ಕಾಳಿಂಗ ಕೂತಿದೆ."

ಆ ಮೇಲಿನ ಮೂರು ತಿಂಗಳಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾವಿನ ಗೂಡು ಕಾಯುವ ಕೆಲಸಕ್ಕೆ ಕೈಜೋಡಿಸುವವನು ನಾನು. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಊರು ಬಿಡಿ, ತಾಲ್ಲೂಕಿನ ಹೆಸರನ್ನೂ ಹಾಕಿಲ್ಲ. ಗೂಡಿನ ಜಾಗ ಹೊರಗೆ ಗೊತ್ತಾದರೆ ಏನಾಗುತ್ತದೆ ಅನ್ನುವುದು ಮುಂದೆ ಬರುತ್ತದೆ.

ಒಂದೇ ದರಗಿಗೆ ಇಬ್ಬರು

ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಎರಡು ಮಕ್ಕಳು. ಕೊಟ್ಟಿಗೆಯಲ್ಲಿ ಎರಡು ಹಸು, ಅಂಗಳದಲ್ಲಿ ಒಂದು ನಾಯಿ. ಮನೆಯ ಕೆಳಗೆ ತೋಟ, ಹಿಂದೆ ಸೊಪ್ಪಿನಬೆಟ್ಟ. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು: ತೋಟಕ್ಕೆ ಸೊಪ್ಪು, ಎಲೆ ತರುವ ಕಾಡಿನ ಜಾಗವೇ ಸೊಪ್ಪಿನಬೆಟ್ಟ. ಬೇಸಿಗೆಯಲ್ಲಿ ಅಲ್ಲಿ ಉದುರಿದ ಒಣ ಎಲೆಯೇ ದರಗು. ಅದನ್ನು ಗುಡಿಸಿ, ಹೊರೆ ಕಟ್ಟಿ, ಮಳೆಗಾಲಕ್ಕೆ ಕೊಟ್ಟಿಗೆಗೆ ಹಾಸಲು ಕೂಡಿಡುತ್ತಾರೆ. ಹಸುವಿನ ಕಾಲ ಕೆಳಗೆ ತುಳಿದು ಗೊಬ್ಬರವಾಗಿ ಅದು ಅಡಿಕೆ ಬುಡಕ್ಕೆ ಹೋಗುತ್ತದೆ. ಮಳೆ ಬೀಳುವ ಮೊದಲೇ ಈ ಕೆಲಸ ಮುಗಿಯಬೇಕು. ಒದ್ದೆಯಾದ ದರಗು ಯಾವುದಕ್ಕೂ ಬರುವುದಿಲ್ಲ.

ಕಾಳಿಂಗಕ್ಕೂ ಅದೇ ದರಗು ಬೇಕು, ಅದೇ ತಿಂಗಳಲ್ಲಿ ಬೇಕು. ಪಶ್ಚಿಮ ಘಟ್ಟದಲ್ಲಿ ಇವು ಜೊತೆಯಾಗುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಆಮೇಲೆ ಹೆಣ್ಣು ಗೂಡಿಗೆ ಜಾಗ ಹುಡುಕುತ್ತದೆ. ಎಲೆ ಕೂಡಿಸಿ ಗೂಡು ಕಟ್ಟುವ ಹಾವು ಇದೊಂದೇ. ಕೈಯಿಲ್ಲ, ಕಾಲಿಲ್ಲ. ಮೈಯನ್ನು ಬಳಸಿ, ಸುರುಳಿಯಲ್ಲಿ ಎಲೆಗಳನ್ನು ಬಾಚಿ ಎಳೆದುಕೊಂಡು ಗುಡ್ಡೆ ಮಾಡುತ್ತದೆ. ಒಳಗೆ ಮೊಟ್ಟೆ ಇಟ್ಟು, ಮತ್ತೆ ಎಲೆ ಮುಚ್ಚಿ, ಮೇಲೆ ಕೂರುತ್ತದೆ. ಮೊಟ್ಟೆ ಸಾಮಾನ್ಯವಾಗಿ 20ರಿಂದ 40. ಮರಿ ಬರಲು 75ರಿಂದ 105 ದಿನ ಹಿಡಿಯುತ್ತದೆ. ಚಳಿಯ, ತಂಪಿನ ಜಾಗದಲ್ಲಿ ಜಾಸ್ತಿ ದಿನ. ಅಷ್ಟೂ ಕಾಲ ತಾಯಿ ಹೆಚ್ಚೂಕಡಿಮೆ ಉಪವಾಸ.

ಆವತ್ತು ಗೂಡನ್ನು ಮೊದಲು ಕಂಡದ್ದು ಮನೆಯವರಲ್ಲ. ದರಗು ಗುಡಿಸಲು ಬಂದಿದ್ದ ಪಕ್ಕದ ಕೇರಿಯ ಒಬ್ಬ ಹೆಂಗಸು. ಮಕ್ಕಳು ಆಕೆಯನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಕ್ಕ ಹೇಳಿದ್ದು ಹೀಗೆ: "ಮೂರು ದಿನದ ಹಿಂದೆ ಇದೇ ಜಾಗ ನಾನೇ ಗುಡಿಸಿ ಹೋಗಿದ್ದೆ ಮಾರಾಯ್ರೆ. ಮೇಲಿನ ಅರ್ಧ ಬಿಟ್ಟಿದ್ದೆ. ಇವತ್ತು ಬಂದು ನೋಡ್ತೀನಿ, ಅಲ್ಲಿ ಮೊಣಕಾಲೆತ್ತರ ರಾಶಿ. ಸುತ್ತ ನೆಲ ಗುಡಿಸಿದ ಹಾಗೆ ಚೊಕ್ಕ. ಆದ್ರೆ ಹಿಡಿಯ ಗೀರೇ ಇಲ್ಲ."

ಆ ಕೊನೆಯ ಮಾತನ್ನು ಗಮನಿಸಿ. ಹಿಡಿ ಅಂದರೆ ಪೊರಕೆ. ಅದರಲ್ಲಿ ಗುಡಿಸಿದರೆ ಮಣ್ಣಿನ ಮೇಲೆ ಸಣ್ಣ ಗೀರುಗಳು ಮೂಡುತ್ತವೆ. ಅಲ್ಲಿ ಗೀರಿರಲಿಲ್ಲ. ಅದಕ್ಕೇ ಅಕ್ಕ ನಿಂತರು. ಹಿಡಿಯನ್ನು ನೆಲಕ್ಕೆ ಬಿಟ್ಟು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದರು. ಓಡಲಿಲ್ಲ, ಕೂಗಲಿಲ್ಲ. ಈ ಪ್ರಕರಣದಲ್ಲಿ ಮೊದಲ ಸರಿಯಾದ ತೀರ್ಮಾನ ಅದು. ಅದನ್ನು ಯಾರೂ ಕಲಿಸಿರಲಿಲ್ಲ.

"ಮೂರು ದಿನದ ಹಿಂದೆ" ಅನ್ನುವ ಮಾತೂ ನಮಗೆ ತುಂಬಾ ಬೆಲೆಯದಾಯಿತು. ಸಾಮಾನ್ಯವಾಗಿ ಗೂಡು ಕಂಡಾಗ ಅದು ಎಷ್ಟು ಹಳೆಯದು ಅಂತ ತಿಳಿಯುವುದಿಲ್ಲ. ಮರಿ ಬರುವ ದಿನ ಲೆಕ್ಕ ಹಾಕಲು ಆಗುವುದಿಲ್ಲ. ಇಲ್ಲಿ ಅಕ್ಕನಿಂದಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಆಯಿತು: ಜೂನ್ ಕೊನೆಯಿಂದ ಜುಲೈ ಕೊನೆಯ ಒಳಗೆ.

ಜಗಲಿಯ ಮೇಲಿನ ಮಾತು

ಅರಣ್ಯ ಇಲಾಖೆಯ ಗಾರ್ಡ್ ಜೊತೆ ಮಧ್ಯಾಹ್ನ ಹೋದೆ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದೆವು. ದರಗಿನ ಬಣ್ಣಕ್ಕೂ ಹಾವಿನ ಮೈಬಣ್ಣಕ್ಕೂ ಎಷ್ಟು ಹೊಂದಿಕೆ ಅಂದರೆ, ಮೊದಲು ಕಂಡದ್ದು ಮೈಯಲ್ಲ, ನಾಲಿಗೆ. ಆಮೇಲೆ ತಲೆ. ಆಮೇಲೆ ಒಂದೊಂದೇ ಸುತ್ತು. ಗಾಳಿ ಬಂದು ಒಂದು ಎಲೆ ಅದರ ತಲೆ ಮೇಲೆ ಬಿತ್ತು. ಕದಲಲಿಲ್ಲ. ಗಾರ್ಡ್ ಎರಡು ಹೆಜ್ಜೆ ಮುಂದಿಟ್ಟಾಗ ಮಾತ್ರ ತಲೆ ಎತ್ತಿ ಉಸಿರು ಬಿಟ್ಟಿತು. ಬುಸ್ ಅನ್ನುವ ಸದ್ದಲ್ಲ ಅದು. ನಾಯಿ ಗಂಟಲಲ್ಲೇ ಗುರುಗುಟ್ಟಿದ ಹಾಗಿನ ದಪ್ಪ ಸದ್ದು. ಇಬ್ಬರೂ ಹಿಂದೆ ಬಂದೆವು.

ಗೂಡಿನಿಂದ ಕೊಟ್ಟಿಗೆಗೆ ಸುಮಾರು 40 ಮೀಟರ್. ಅದಕ್ಕಿಂತ ದೊಡ್ಡ ತೊಂದರೆ ಒಂದು ಕಾಲುದಾರಿ. ಗೂಡಿನಿಂದ ಎಂಟು ಹೆಜ್ಜೆ ಕೆಳಗೆ ಹೋಗುವ ಆ ದಾರಿಯಲ್ಲೇ ಮಕ್ಕಳು ಶಾಲೆಯ ಬಸ್ಸಿಗೆ ಹೋಗುವುದು, ಕೆಲಸದವರು ಬರುವುದು. ಮಳೆಗಾಲ ಹಿಡಿಯುವ ಮೊದಲು ಔಷಧಿ ಹೊಡೆಯುವ ಪೈಪು ಎಳೆಯುವುದೂ ಅಲ್ಲೇ.

ಜಗಲಿಯಲ್ಲಿ ಕೂತು ಮಾತಾಡಿದೆವು. ಯಜಮಾನರು ನೇರವಾಗಿ ಕೇಳಿದರು: "ಹಿಡಿದು ದೂರ ಬಿಡೋಕೆ ಏನು ಕಷ್ಟ?"

ಮೊದಲಿಗೆ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಲಾಖೆಯ ಅನುಮತಿ ಇಲ್ಲದೆ ಕಾಳಿಂಗವನ್ನು ಹಿಡಿಯುವಂತಿಲ್ಲ, ಗೂಡು ಮುಟ್ಟುವಂತಿಲ್ಲ. ಆದರೆ ಕಾನೂನು ಹೇಳಿ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಕಾರಣ ಹೇಳಿದೆ. ಆಗುಂಬೆಯಲ್ಲಿ 2005ರಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಸಣ್ಣ ರೇಡಿಯೋ ಇಟ್ಟು ಅವು ಎಲ್ಲೆಲ್ಲಿ ಓಡಾಡುತ್ತವೆ ಎಂದು ಹಿಂಬಾಲಿಸಿ ನೋಡಿದರು. ಹಿಡಿದು ದೂರ ಬಿಟ್ಟ ಹಾವು, ತನ್ನ ಜಾಗದಲ್ಲೇ ಇರುವ ಹಾವಿಗಿಂತ ತುಂಬಾ ಜಾಸ್ತಿ ಅಲೆಯುತ್ತದೆ ಅನ್ನುವುದು ಅದರಲ್ಲಿ ಗೊತ್ತಾಯಿತು. ಹೊಸ ಜಾಗದಲ್ಲಿ ಅಡಗುವ ಬಿಲ ಎಲ್ಲಿ, ನೀರೆಲ್ಲಿ ಅಂತ ಅದಕ್ಕೆ ಗೊತ್ತಿಲ್ಲ. ಅಲೆಯುವ ಹಾವು ಹೆಚ್ಚು ಅಂಗಳ ದಾಟುತ್ತದೆ, ಹೆಚ್ಚು ರಸ್ತೆ ದಾಟುತ್ತದೆ. ಒಂದು ಮನೆಯ ಭಯವನ್ನು ಹತ್ತು ಮನೆಗೆ ಹಂಚಿದ ಹಾಗೆ ಅದು. ಮೇಲಾಗಿ ತಾಯಿ ಹೋದರೆ ಮೊಟ್ಟೆ ಕಾಯುವವರಿಲ್ಲ.

"ಹಾಗಾದ್ರೆ ಮೊಟ್ಟೆನೂ ತಗೊಂಡು ಹೋಗಿ" ಅಂದರು. ಅದನ್ನೂ ಮಾಡುವವರಿದ್ದಾರೆ. ಡಬ್ಬದಲ್ಲಿಟ್ಟು ಮರಿ ಮಾಡಿಸಬಹುದು. ಆದರೆ ಮೊಟ್ಟೆಯನ್ನು ಎತ್ತಿ ಹೊರಳಿಸಿದರೆ ಒಳಗಿನ ಮರಿಗೆ ಅಪಾಯ. ಗೂಡಿನೊಳಗಿನ ಹದವಾದ ಬಿಸಿ, ಹದವಾದ ಪಸೆ ನಮ್ಮ ಡಬ್ಬದಲ್ಲಿ ಬರುವುದು ಕಷ್ಟ. ಗೂಡು ನೀರಲ್ಲಿ ಮುಳುಗುವ ಜಾಗದಲ್ಲೋ, ಜೆಸಿಬಿ ಬರುವ ಜಾಗದಲ್ಲೋ ಇದ್ದರೆ ಬೇರೆ ಮಾತು. ಇಲ್ಲಿ ಹಾಗಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತರು. ಅವರ ಪ್ರಶ್ನೆ ಒಂದೇ. "ಕಚ್ಚಿದ್ರೆ ಔಷಧಿ ಇದೆಯಾ?"

ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಔಷಧಿ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದರಲ್ಲಿ ಕಾಳಿಂಗ ಇಲ್ಲ. ಕಚ್ಚಿದರೆ ಮುಖ್ಯ ಚಿಕಿತ್ಸೆ ಉಸಿರಾಟ ನಿಲ್ಲದ ಹಾಗೆ ಯಂತ್ರದ ಸಹಾಯ ಕೊಡುವುದು. ಆ ಸೌಲಭ್ಯ ಇರುವ ಆಸ್ಪತ್ರೆ ಇಲ್ಲಿಂದ ಒಂದೂವರೆ ಗಂಟೆ. ಕಾಳಿಂಗ ಕಚ್ಚುವುದು ಬಹಳ ಅಪರೂಪ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಹಿಡಿಯಲು, ಆಡಿಸಲು ಹೋದವರು. ಆದರೆ ಅಪರೂಪ ಅಂದರೆ ಆಗುವುದೇ ಇಲ್ಲ ಅಂತಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಸುಳ್ಳು ಹೇಳಿದ್ರೆ ಬೇಡ ಅಂತಿದ್ದೆ. ಹಾಗಾದ್ರೆ ನಾನು ಹೇಳಿದ್ದು ಮಾಡ್ಬೇಕು."

ಅವರು ಹೇಳಿದ್ದೇ ನಮ್ಮ ಯೋಜನೆಯಾಯಿತು. ಮಕ್ಕಳಿಗೆ ತೋಟದ ಕೆಳಗಿನಿಂದ ಬೇರೆ ದಾರಿ ಕಡಿದುಕೊಡಬೇಕು. ಕೊಟ್ಟಿಗೆಯ ಹಿಂದೆ ಲೈಟ್ ಬೇಕು. ನಾಯಿಯನ್ನು ಕಟ್ಟುವುದು ಮನೆಯವರ ಹೊಣೆ. ಯಾವ ಹೊತ್ತಿನಲ್ಲಿ ಕರೆದರೂ ಫೋನ್ ಎತ್ತುವ ಇಬ್ಬರ ನಂಬರ್ ಗೋಡೆ ಮೇಲೆ ಬರೆದಿರಬೇಕು. ರಾತ್ರಿ ಹೊತ್ತು ಗಾಡಿ ಕೊಡುವವರು ಯಾರು ಅಂತ ಇವತ್ತೇ ನಿಶ್ಚಯವಾಗಬೇಕು. ನಾನು ಬರೆದುಕೊಂಡು ಹೋಗಿದ್ದ ಪಟ್ಟಿಯಲ್ಲಿ ಇದರ ಅರ್ಧವೂ ಇರಲಿಲ್ಲ. ಆವತ್ತಿನಿಂದ ಎಲ್ಲಿ ಗೂಡು ಕಂಡರೂ ನಾನು ಮೊದಲು ಮಾತಾಡುವುದು ಮನೆಯ ಹೆಂಗಸರ ಜೊತೆ. ನೀರು, ಹಸು, ಮಕ್ಕಳು, ಬಚ್ಚಲು ಒಲೆಯ ಸೌದೆ: ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆಯ ಸುತ್ತ ಯಾರು ಎಲ್ಲಿ ಕಾಲಿಡುತ್ತಾರೆ ಅನ್ನುವುದು ಅವರಿಗೆ ಗೊತ್ತು.

ಅಜ್ಜಿ ಕೊನೆಯಲ್ಲಿ ಒಂದೇ ಮಾತು ಹೇಳಿದರು. "ಬಸುರಿ, ಬಾಣಂತಿಯನ್ನ ಮನೆಯಿಂದ ಓಡಿಸ್ತಾರಾ?" ಅದಾದ ಮೇಲೆ ಯಜಮಾನರು ದೂರ ಬಿಡುವ ಮಾತೆತ್ತಲಿಲ್ಲ.

ನಮ್ಮ ತಪ್ಪು

ಮೇ ಮೊದಲ ವಾರ ಒಂದು ಸಂಜೆ ಜೋರು ಗುಡುಗು ಮಳೆ. ಗೂಡು ಕೊಚ್ಚಿಹೋಗುತ್ತದೆ ಎಂದು ನಮಗೆ ಹೆದರಿಕೆ. ಮಾರನೇ ದಿನ ಗೂಡಿನ ಮೇಲೆ ಎತ್ತರದಲ್ಲಿ, ನಾಲ್ಕು ಮರಕ್ಕೆ ಹಗ್ಗ ಬಿಗಿದು ನೀಲಿ ಟಾರ್ಪಾಲು ಕಟ್ಟಿದೆವು. ತಾಯಿ ಇರುವಾಗಲೇ, ಉದ್ದ ಕೋಲಿನಲ್ಲಿ ಹಗ್ಗ ಎತ್ತಿ ಎತ್ತಿ ಕಟ್ಟಿದ್ದು. ಆಗ ಹೆಮ್ಮೆಯಾಗಿತ್ತು.

ಮೂರು ದಿನ ಬಿಟ್ಟು ಮತ್ತೆ ಮಳೆ. ಟಾರ್ಪಾಲಿನ ಮೇಲಿನ ನೀರೆಲ್ಲ ಒಂದು ಮೂಲೆಗೆ ಇಳಿದು, ಕೊಡದಿಂದ ಸುರಿದ ಹಾಗೆ ಗೂಡಿನ ಮೇಲ್ಬದಿಗೆ ಬಿತ್ತು. ಹನಿಹನಿಯಾಗಿ ಹರಡಿ ಬೀಳಬೇಕಿದ್ದ ಮಳೆಯನ್ನು ನಾವೇ ಒಂದು ಧಾರೆ ಮಾಡಿದ್ದೆವು. ಬೆಳಿಗ್ಗೆ ನೋಡಿದರೆ ಗೂಡಿನ ಆ ಬದಿ ಒಂದು ಗೇಣು ಕೊರೆದಿತ್ತು. ತಾಯಿ ಅಲ್ಲಿ ಮೈ ಒತ್ತಿ ಕೂತಿತ್ತು.

ಟಾರ್ಪಾಲು ಬಿಚ್ಚಿದೆವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಮಳೆಯಲ್ಲೇ ಅಲ್ಲಿನ ಗೂಡುಗಳಲ್ಲಿ ಮರಿಯಾಗುತ್ತವೆ. ಹಾವು ಎಲೆಗಳನ್ನು ಒತ್ತಿ ಒತ್ತಿ ಕೂರಿಸಿರುತ್ತದೆ, ಹುಲ್ಲಿನ ಮಾಡಿನ ಹಾಗೆ ನೀರು ಹೊರಗಿನಿಂದಲೇ ಇಳಿದುಹೋಗುತ್ತದೆ. ಇಳಿಜಾರು ಆರಿಸಿಕೊಳ್ಳುವುದೂ ಅದಕ್ಕೇ. ಇದೆಲ್ಲ ನಮಗೆ ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ಏನಾದರೂ ಮಾಡಬೇಕು ಅನ್ನುವ ಚಡಪಡಿಕೆ ತಡೆಯಲಾಗಲಿಲ್ಲ. ತಾಯಿ ಎರಡು ದಿನದಲ್ಲಿ ಸುತ್ತಲಿನ ಎಲೆ ಎಳೆದು ಆ ಬದಿ ಸರಿಮಾಡಿಕೊಂಡಿತು. ಅಕ್ಕ ತನ್ನ ಕೊಟ್ಟಿಗೆಗೆಂದು ಕಟ್ಟಿಟ್ಟಿದ್ದ ಎರಡು ಹೊರೆ ಒಣ ದರಗನ್ನು ತಂದು, ತಾಯಿ ನೀರಿಗೆ ಇಳಿದಿದ್ದ ಹೊತ್ತು ನೋಡಿ, ಗೂಡಿನಿಂದ ಸ್ವಲ್ಪ ಮೇಲೆ ಚೆಲ್ಲಿ ಬಂದರು. ಒದ್ದೆ ಎಲೆಯ ನಡುವೆ ಅದೇ ಒಣ ಎಲೆಯನ್ನು ಹಾವು ಬಾಚಿಕೊಂಡಿತ್ತು.

ಔಷಧಿ ಹೊಡೆಯುವ ದಿನ

ಅಡಿಕೆ ಬೆಳೆಯುವವರಿಗೆ ಕೊಳೆರೋಗ ಎಂದರೆ ಏನೆಂದು ಗೊತ್ತು. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು 40 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತಪ್ಪಿದರೆ ಕಾಯಿ ಉದುರುತ್ತದೆ, ವರ್ಷದ ಆದಾಯವೇ ಹೋಗುತ್ತದೆ. ಔಷಧಿ ಹೊಡೆಯುವವರು ಸಿಗುವುದು ಅವರು ಹೇಳಿದ ದಿನ ಮಾತ್ರ. ಆ ವರ್ಷ ಮೇ ಕೊನೆಯಲ್ಲಿ ಅವರು ಬಂದರು, ದಾರಿ ನೋಡಿದರು, ಗೂಡು ಎಲ್ಲಿದೆ ಎಂದು ಕೇಳಿದರು, ವಾಪಸ್ ಹೊರಟರು.

ಗೂಡು ಕಾಯುವ ಕೆಲಸ ಎಲ್ಲಿ ಮುರಿಯುತ್ತದೆ ಅಂದರೆ ಇಲ್ಲೇ. ಹಾವಿನ ಮೇಲೆ ಎಷ್ಟೇ ಭಕ್ತಿ ಇದ್ದರೂ ಒಂದು ವರ್ಷದ ಅಡಿಕೆ ಬಿಟ್ಟುಕೊಡಿ ಎಂದು ಯಾರಿಗೂ ಹೇಳಲಾಗದು. ಹೇಳಲೂ ಬಾರದು. ಯಜಮಾನರ ಮುಖ ನೋಡಿದೆ. ಅವರು ಬೈಯಲಿಲ್ಲ. "ಏನ್ಮಾಡೋಣ ಹೇಳಿ" ಅಂದರು ಅಷ್ಟೇ.

ದಾರಿ ಸಿಕ್ಕಿದ್ದು ಪಕ್ಕದ ತೋಟದ ಕಡೆಯಿಂದ. ಆ ತೋಟದವರಿಗೂ ಇವರಿಗೂ ಬೇಲಿಯ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ಅಜ್ಜಿಯೇ ಹೋಗಿ ಕೇಳಿದರು. ಅವರ ಕಡೆ ಡ್ರಮ್ ಇಟ್ಟು, ಅಲ್ಲಿಂದಲೇ ಪೈಪು ಎಳೆದು ಹೊಡೆಯುವುದು ಅಂತ ಆಯಿತು. ಪೈಪು ಉದ್ದ ಸಾಲದೆ ಮೂರು ಮನೆಯಿಂದ ತುಂಡು ತಂದು ಜೋಡಿಸಿದರು. ಗೂಡಿನ ಹತ್ತಿರದ ಎರಡು ಸಾಲಿನ ಮರಗಳಿಗೆ ಗಾರ್ಡ್ ಮತ್ತು ನಾನು ಹಾವಿನ ಮೇಲೆ ಕಣ್ಣಿಟ್ಟು ನಿಂತ ಮೇಲೆ, ಕೆಳಬದಿಯಿಂದ ಹತ್ತಿ ಹೊಡೆದರು. ಒಂದೂವರೆ ದಿನದ ಕೆಲಸ ಎರಡು ದಿನ ಹಿಡಿಯಿತು. ಹೆಚ್ಚಿನ ಅರ್ಧ ದಿನದ ಕೂಲಿಯನ್ನು ನಾವು ಕೆಲವರು ಸೇರಿ ಕೊಟ್ಟೆವು. ಯಜಮಾನರು ಬೇಡ ಅಂದರು. ಆದರೂ ಕೊಟ್ಟೆವು. ಕಾಡಿನ ಖರ್ಚನ್ನು ಕಾಡಂಚಿನ ಮನೆಯೊಂದೇ ಹೊರಬೇಕು ಅನ್ನುವುದು ನ್ಯಾಯವಲ್ಲ.

ಹದಿನೆಂಟು ಸೆಕೆಂಡಿನ ವಿಡಿಯೋ

ಜೂನ್ ಎರಡನೇ ವಾರದವರೆಗೆ ಎಲ್ಲ ಸರಿಯಿತ್ತು. ಒಂದು ಭಾನುವಾರ ಮನೆಗೆ ಬಂದಿದ್ದ ನೆಂಟರ ಹುಡುಗನೊಬ್ಬ ದೂರದಿಂದ ವಿಡಿಯೋ ತೆಗೆದ. ಅವನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. 18 ಸೆಕೆಂಡ್ ಅಷ್ಟೇ. ಹಿಂದೆ ಕೊಟ್ಟಿಗೆಯ ಮಾಡು ಕಾಣುತ್ತಿತ್ತು. ಊರವರಿಗೆ ಅಷ್ಟು ಸಾಕಲ್ವಾ?

ಮಂಗಳವಾರದ ಹೊತ್ತಿಗೆ ಬೈಕುಗಳು ಬರಲು ಶುರುವಾದವು. ಬುಧವಾರ ಒಂದು ಕಾರು. ಸೊಸೆ ಒಬ್ಬರೇ ಮನೆಯಲ್ಲಿದ್ದಾಗ ನಾಲ್ಕು ಜನ ನೇರ ಬೆಟ್ಟ ಹತ್ತಿದ್ದರು. ಹಾವು ತಲೆ ಎತ್ತಲಿ ಎಂದು ಒಬ್ಬ ಸಣ್ಣ ಕಲ್ಲು ಎಸೆದ. ಹಾವು ಎತ್ತಿತು, ಹೆಡೆ ಬಿಚ್ಚಿತು, ಅವರಿಗೆ ಬೇಕಾದ ಚಿತ್ರ ಸಿಕ್ಕಿತು. ಗುರುವಾರ ಬೆಳಿಗ್ಗೆ ಗೂಡಿನ ಮೇಲೆ ತಾಯಿ ಇರಲಿಲ್ಲ.

ಅವತ್ತು ಸೊಸೆ ಫೋನಿನಲ್ಲಿ ಅತ್ತರು. ಎರಡು ತಿಂಗಳ ಹಿಂದೆ ಹಾವು ಕಚ್ಚಿದರೆ ಔಷಧಿ ಇದೆಯಾ ಎಂದು ಕೇಳಿದವರು ಅವರೇ.

ಮೊದಲು ಮಾಡಿದ್ದು ಜನರನ್ನು ತಡೆಯುವ ಕೆಲಸ. ಗಾರ್ಡ್ ಎರಡು ದಿನ ಅಲ್ಲೇ ನಿಂತರು. ಕೇಳಿದವರಿಗೆಲ್ಲ "ಹಾವು ಹೋಯ್ತು" ಎಂದು ಮನೆಯವರು ಹೇಳಿದರು. ಅದು ನಿಜವೂ ಆಗಿತ್ತು. ಆ ಹುಡುಗನಿಗೆ ಯಾರೂ ಬೈಯಬಾರದೆಂದು ನಾನು ಕೇಳಿಕೊಂಡೆ. ವಿಡಿಯೋ ಅಳಿಸಲು ಗುಂಪಿನಲ್ಲಿ ಎಲ್ಲರಿಗೂ ಅವನೇ ಫೋನ್ ಮಾಡಿದ. ಮೊದಲ ದಿನವೇ ಮನೆಯವರ ಜೊತೆ ಫೋಟೋ, ವಿಡಿಯೋ ಬಗ್ಗೆ ಮಾತಾಡದೇ ಇದ್ದದ್ದು ನನ್ನ ಕೊರತೆ. ಲೈಟು, ದಾರಿ, ಗಾಡಿ ಎಲ್ಲ ಯೋಚಿಸಿದ್ದೆವು, ಜೇಬಿನಲ್ಲಿರುವ ಫೋನು ನೆನಪಾಗಲಿಲ್ಲ.

ಎರಡನೆಯದು ಕಷ್ಟದ ತೀರ್ಮಾನ. ಮರಿ ಬರುವ ಹೊತ್ತಿಗೆ ತಾಯಿ ತಾನಾಗಿಯೇ ಗೂಡು ಬಿಟ್ಟು ಹೋಗುವುದು ಸಹಜ. ಆದರೆ ಅದಕ್ಕೆ ಇನ್ನೂ ತಿಂಗಳ ಹತ್ತಿರ ಇತ್ತು. ಕಾವಲಿಲ್ಲದ ಗೂಡಿಗೆ ಉಡ, ಮುಂಗುಸಿ, ಕಾಡುಹಂದಿ ಬರುತ್ತವೆ. ತಕ್ಷಣ ಬೇಲಿ ಹಾಕೋಣ ಎಂದು ಒಬ್ಬರು. ಬೇಲಿ ಹಾಕಿದರೆ ತಾಯಿ ವಾಪಸ್ ಬರಲಾಗದು ಎಂದು ಇನ್ನೊಬ್ಬರು. ಮೂರು ದಿನ ಕಾಯೋಣ ಎಂದು ನಿಶ್ಚಯಿಸಿದೆವು. ಹಗಲು ಅಕ್ಕ, ರಾತ್ರಿ ನಾವು, ಮನೆಯ ಹಿಂದಿನ ಗೋಡೆಯ ಮರೆಯಿಂದ ಟಾರ್ಚ್ ಹಿಡಿದು. ಮೊದಲ ರಾತ್ರಿ ಹಂದಿಗಳ ಸದ್ದು ಕೇಳಿತು. ಡಬ್ಬ ಬಡಿದು ಓಡಿಸಿದೆವು. ತಾಯಿ ಬರಲಿಲ್ಲ. ನಾಲ್ಕನೇ ದಿನ ಇಲಾಖೆಯ ಅನುಮತಿ ಪಡೆದು ಸುತ್ತ ಕಬ್ಬಿಣದ ಕೋಳಿಬಲೆ ಹಾಕಿದೆವು. ಬುಡವನ್ನು ಮಣ್ಣಿನೊಳಗೆ ಹೂತು, ಮೇಲೆ ಕಲ್ಲು ಇಟ್ಟೆವು. ಗೂಡನ್ನು ಮಾತ್ರ ಬೆರಳಲ್ಲೂ ಮುಟ್ಟಲಿಲ್ಲ. ಟಾರ್ಪಾಲಿನ ಪಾಠ ಅಷ್ಟಾದರೂ ಕಲಿಸಿತ್ತು.

ಮೂರು ದಿನ ಕಾದದ್ದು ಸರಿಯೇ ಅನ್ನುವ ಪ್ರಶ್ನೆ ನನಗೆ ಹಲವರು ಹಾಕಿದ್ದಾರೆ. ಮತ್ತೆ ಅಂಥ ಸಂದರ್ಭ ಬಂದರೆ ಹಾಗೇ ಮಾಡುತ್ತೇನೆ. ಆದರೆ ಕಾಯಲು ಜನ ಇದ್ದರೆ ಮಾತ್ರ. ರಾತ್ರಿ ಕಾಯಲು ಯಾರೂ ಇಲ್ಲ ಅಂದರೆ ಮೊದಲ ದಿನವೇ ಬಲೆ ಹಾಕುವುದು ಒಳ್ಳೆಯದು.

ಮರಿಗಳು

72ನೇ ದಿನ ಕೋಳಿಬಲೆಯ ಒಳಬದಿಗೆ ಶೇಡ್ ನೆಟ್ ಕಟ್ಟಿದೆವು. ಅಡಿಕೆ ಸಸಿಗೆ ನೆರಳು ಮಾಡುತ್ತಾರಲ್ಲ, ಅದೇ. ಕೋಳಿಬಲೆಯ ಕಣ್ಣಿನಲ್ಲಿ ಮರಿ ನುಸುಳುತ್ತದೆ, ನೈಲಾನ್ ಬಲೆಯಾದರೆ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕಾಳಿಂಗದ ಮರಿಗೆ ಹುಟ್ಟಿದ ಕ್ಷಣದಿಂದ ವಿಷ ಇರುತ್ತದೆ. ಅವು ಕೊಟ್ಟಿಗೆ ಕಡೆ ಹರಿದರೆ ಎರಡೂ ಕಡೆಗೆ ಅಪಾಯ.

ಜುಲೈ ಎರಡನೇ ವಾರ, ಲೆಕ್ಕದಲ್ಲಿ 96ನೇ ದಿನ, ಸಣ್ಣಗೆ ಮಳೆ. ಬೆಳಿಗ್ಗೆ ಅಕ್ಕ ನೋಡಿದಾಗ ದರಗಿನ ನಡುವೆ ಒಂದು ಬೆರಳಿನಷ್ಟು ಕಪ್ಪು ತಲೆ. ಅಲ್ಲಾಡುತ್ತಿರಲಿಲ್ಲ. ಮೂತಿಯ ಮೇಲೆ ಒಂದು ಮಳೆಹನಿ ನಿಂತಿತ್ತು. ಹತ್ತು ನಿಮಿಷ ಕಳೆದ ಮೇಲೆ ನಾಲಿಗೆ ಹೊರಬಂತು. ಹನಿ ಜಾರಿತು. ತಲೆ ಮತ್ತೆ ಎಲೆಯೊಳಗೆ ಹೋಯಿತು. ಮೊಟ್ಟೆಯ ಸಿಪ್ಪೆಯನ್ನು ಮೂತಿ ತುದಿಯ ಸಣ್ಣ ಹಲ್ಲಿನಿಂದ ಸೀಳಿಕೊಂಡ ಮೇಲೂ ಮರಿಗಳು ಬಹಳ ಹೊತ್ತು ಹಾಗೇ ಒಳಗೆ ಕೂರುತ್ತವೆ. ಅವಸರ ಮಾಡುವುದಿಲ್ಲ.

ಎರಡು ದಿನದಲ್ಲಿ 19 ಮರಿಗಳು ಹೊರಬಂದವು. ಒಂದೂವರೆ ಅಡಿಗಿಂತ ಸ್ವಲ್ಪ ಉದ್ದ, ಎಣ್ಣೆ ಹಚ್ಚಿದಂಥ ಕಪ್ಪು, ಮೈತುಂಬ ತಿಳಿಹಳದಿ ಪಟ್ಟೆ. ಕೈಯಗಲದ ಜಾಗದಲ್ಲಿ ನಿಂತು ಹೆಡೆ ಬಿಚ್ಚುತ್ತಿದ್ದವು. ಮೊದಲ ಕೆಲವು ದಿನ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಅವಕ್ಕೆ ಆಹಾರ. ಇಲಾಖೆಯವರು ಒಂದೊಂದನ್ನೂ ಬೇರೆ ಬಟ್ಟೆ ಚೀಲದಲ್ಲಿ ಹಾಕಿ, ಅರ್ಧ ಕಿಲೋಮೀಟರ್ ಒಳಗೇ, ಹಳ್ಳದುದ್ದಕ್ಕೂ ದೂರ ದೂರ ಬಿಟ್ಟರು. ಬೇರೆ ಕಾಡಿಗೆ ಒಯ್ಯಲಿಲ್ಲ. ಇವುಗಳಲ್ಲಿ ದೊಡ್ಡದಾಗುವವರೆಗೆ ಉಳಿಯುವುದು ತೀರಾ ಕೆಲವೇ. ಅದು ಕಾಡಿನ ಲೆಕ್ಕ.

ಎಲ್ಲ ಮುಗಿದ ಮೇಲೆ ಗೂಡು ಬಿಚ್ಚಿ ನೋಡಿದೆವು. ಹೊರಪದರದ ಎಲೆ ಕೊಳೆತು ಒಂದಕ್ಕೊಂದು ಅಂಟಿ ಹಲಗೆಯ ಹಾಗಾಗಿತ್ತು. ಒಂದು ಗೇಣು ಒಳಗೆ ಎಲೆ ಕೈಗೆ ಒಣಗಿಯೇ ಸಿಕ್ಕಿತು. ಮಲೆನಾಡಿನ ಜುಲೈಯಲ್ಲಿ, ಮನೆಯೊಳಗೆ ಬಟ್ಟೆ ಒಣಗದ ದಿನಗಳಲ್ಲಿ! ಒಟ್ಟು 24 ಮೊಟ್ಟೆ. ಐದು ಕೆಟ್ಟಿದ್ದವು. ಅದರಲ್ಲಿ ಮೂರು ಇದ್ದದ್ದು ಗೂಡಿನ ಮೇಲ್ಬದಿಯಲ್ಲಿ, ಟಾರ್ಪಾಲಿನ ನೀರು ಕೊರೆದ ಜಾಗದ ಕೆಳಗೇ. ಆ ಮೂರನ್ನು ನಾನು ನಮ್ಮ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಹೆಸರು ಬಂದದ್ದು

ಈ ಗೂಡು ಕಾಯುವಾಗ ಕಾಳಿಂಗವೆಂದರೆ ಏಷ್ಯಾದುದ್ದಕ್ಕೂ ಒಂದೇ ಜಾತಿ ಎಂದು ಪುಸ್ತಕಗಳಲ್ಲಿತ್ತು. 1836ರಲ್ಲಿ ಕ್ಯಾಂಟರ್ ಎಂಬವರು ವಿವರಿಸಿದ ಕಾಲದಿಂದ ಹಾಗೇ ನಡೆದುಬಂದಿತ್ತು. 2024ರ ಅಕ್ಟೋಬರಿನಲ್ಲಿ ಹಾವು ಸಂಶೋಧಕ ಪಿ. ಗೌರಿಶಂಕರ್ ಮತ್ತು ಜೊತೆಗಾರರು ವಂಶವಾಹಿ, ಮೈಮೇಲಿನ ಪಟ್ಟೆ ಎಲ್ಲ ಹೋಲಿಸಿ ನೋಡಿ, ಅದು ಒಂದಲ್ಲ ನಾಲ್ಕು ಜಾತಿ ಎಂದು ತೋರಿಸಿದರು. ಪಶ್ಚಿಮ ಘಟ್ಟದ ಹಾವು ಬೇರೆಯೇ. ಅದಕ್ಕೆ ಇಟ್ಟ ಹೆಸರು ಓಫಿಯೋಫ್ಯಾಗಸ್ ಕಾಳಿಂಗ. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದ್ದ ಕನ್ನಡದ ಮಾತೇ ವಿಜ್ಞಾನದ ಹೆಸರಾಯಿತು. ಓದಿದ ದಿನ ನನಗೆ ತುಂಬಾ ಸಂತೋಷವಾಯಿತು.

ಸಂತೋಷದ ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಥಾಯ್ಲೆಂಡಿನಲ್ಲಿ, ಫಿಲಿಪ್ಪೀನ್ಸಿನಲ್ಲಿ ಇರುವುದು ಬೇರೆ ಜಾತಿಗಳು ಅಂದ ಮೇಲೆ, ನಮ್ಮದು ಈ ಘಟ್ಟದ ಸಾಲಿನಲ್ಲಿ ಮಾತ್ರ ಇರುವ ಹಾವು. ಇಲ್ಲಿ ಹೋದರೆ ಬೇರೆಲ್ಲೂ ಇಲ್ಲ. ಒಂದು ಸೊಪ್ಪಿನಬೆಟ್ಟದ ಒಂದು ಗೂಡಿನ ತೂಕ ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಹೆಚ್ಚಾಗಿದೆ. ಹೆಸರು ಬಂದ ಸುದ್ದಿಯನ್ನು ಅಜ್ಜಿಗೆ ಫೋನಿನಲ್ಲಿ ಹೇಳಿದೆ. "ಮತ್ತೆ ಇಷ್ಟು ದಿನ ಏನಂತ ಕರೀತಿದ್ರು?" ಎಂದು ಕೇಳಿದರು.

ಮರುವರ್ಷ

ಗೂಡು ಕಂಡ ಮರುವರ್ಷ ಮಾರ್ಚಿನಲ್ಲಿ ಆ ಮನೆಗೆ ಹೋಗಿದ್ದೆ. ದರಗು ಗುಡಿಸುವ ಕೆಲಸ ನಡೆದಿತ್ತು. ಬೆಟ್ಟದ ಮೇಲ್ಬದಿಯಲ್ಲಿ, ಹಳೆಯ ಗೂಡಿದ್ದ ಜಾಗದ ಸುತ್ತ, ಒಂದು ಪಟ್ಟಿಯನ್ನು ಗುಡಿಸದೆ ಹಾಗೇ ಬಿಟ್ಟಿದ್ದರು. ಯಾರು ಹೇಳಿದ್ದು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಕಾಲುದಾರಿ ಮಾತ್ರ ಕೆಳಗಿನಿಂದಲೇ ಉಳಿದಿತ್ತು. ಮಕ್ಕಳಿಗೆ ಅದೇ ರೂಢಿಯಾಗಿತ್ತು. ಪಕ್ಕದ ತೋಟದವರ ಬೇಲಿಯಲ್ಲಿ ಪೈಪು ತರಲು ಮಾಡಿದ್ದ ಕಿಂಡಿಗೆ ಈಗ ಒಂದು ಸಣ್ಣ ಗೇಟು ಬಂದಿದೆ.

ಆ ವರ್ಷ ಅಲ್ಲಿ ಗೂಡು ಆಗಲಿಲ್ಲ. ಏಪ್ರಿಲ್ ಕೊನೆಯಲ್ಲಿ, ಎರಡು ಗುಡ್ಡ ಆಚೆಯ ಮನೆಯೊಂದರಿಂದ ಅಕ್ಕ ಫೋನ್ ಮಾಡಿದರು. ಅಲ್ಲಿಗೆ ದರಗಿನ ಕೆಲಸಕ್ಕೆ ಹೋಗಿದ್ದರಂತೆ.

"ರಾಶಿ ಇದೆ ಸರ್, ಹಿಡಿ ಗೀರಿಲ್ಲ. ಎಲ್ಲರನ್ನೂ ಕೆಳಗೆ ಕಳಿಸಿದೀನಿ. ಫೋನೆಲ್ಲ ಒಳಗಿಡೋಕೆ ಹೇಳಿದೀನಿ. ಮನೆಯಮ್ಮನ ಹತ್ರ ನೀವೇ ಮಾತಾಡಿ, ಕೊಡ್ತೀನಿ ಇರಿ."